ಬೇಸಗೆಗೊಂದು ಕ್ರೋಶಾ ಮೇಲಂಗಿ

ಯಾದಗಿರಿಗೆ ಸಮೀಪದ ಅಬ್ಬೆತುಮಕೂರು ವಿಶ್ವಾರಾಧ್ಯರ ಮಠದಿಂದಾಗಿ ನಾಡಿಗೆ ಪರಿಚಿತವಾದ ಊರು. ಅದರ ಸುತ್ತಣ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನು ಬಲ್ಲವರಿಗೆ ಮೊದಲು ನೆನಪಾಗುವುವು ಎರಡು ಸಂಗತಿಗಳು: ಎರೆಭೂಮಿಯಲ್ಲಿ ಬೆಳೆಯುವ ಹತ್ತಿ, ಮತ್ತು ಬೇಸಗೆಯಲ್ಲಿ ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವ ಬಿಸಿಲು. ಹತ್ತಿಯ ದಾರದಿಂದ ಕಿಂಡಿಕಿಂಡಿಯಾಗಿ ಹೆಣೆದ ಹಗುರವಾದ ಮೇಲಂಗಿಯು ಇಂತಹ ಸೀಮೆಗೆ ಹೇಳಿ ಮಾಡಿಸಿದ ಉಡುಪೆಂದು ಯಾರಿಗಾದರೂ ತೋರುವುದು ಸಹಜ. ಕಿಂಡಿಗಳಿದ್ದಷ್ಟೂ ಗಾಳಿ, ಗಾಳಿಯಿದ್ದಷ್ಟೂ ತಂಪು ಎಂಬುದು ಲೋಕದ ತರ್ಕ. ಈ ತರ್ಕವು ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ಅರಿಯದೆ ಕ್ರೋಶಾ ಕಡ್ಡಿಯನ್ನು ಹಿಡಿದರೆ ಅನೇಕ ದಿನಗಳ ದುಡಿಮೆ ವ್ಯರ್ಥವಾದೀತು. ಆ ಅಂಗಿಯನ್ನು ತೊಟ್ಟು ಮೇ ತಿಂಗಳ ನಡುಹಗಲಲ್ಲಿ ಹೊರಟರೆ ದೇಹಕ್ಕೆ ಅಪಾಯವೂ ಆದೀತು.

ಮೊದಲು ಶಾಖದ ವ್ಯವಹಾರವನ್ನು ನೋಡೋಣ. ನಮ್ಮ ಚರ್ಮದ ಉಷ್ಣತೆ ಸೆಕೆಯ ದಿನಗಳಲ್ಲಿ ಸುಮಾರು ೩೫ ಡಿಗ್ರಿ. ಸುತ್ತಲಿನ ಗಾಳಿ ಇದಕ್ಕಿಂತ ತಣ್ಣಗಿರುವವರೆಗೆ ಅದು ಬೀಸಿದಷ್ಟೂ ಮೈಯ ಶಾಖವನ್ನು ಕೊಂಡೊಯ್ಯುತ್ತದೆ. ಗಾಳಿಯೇ ೪೨ ಡಿಗ್ರಿಗೆ ಏರಿತೆಂದರೆ ಎಲ್ಲವೂ ತಿರುಗುಮುರುಗಾಗುತ್ತದೆ; ಕೊಂಡೊಯ್ಯುತ್ತಿದ್ದ ಗಾಳಿಯೇ ಶಾಖವನ್ನು ತಂದು ಮೈಗೆ ಸುರಿಯುತ್ತದೆ. ಆಗ ದೇಹಕ್ಕೆ ಉಳಿಯುವ ದಾರಿ ಒಂದೇ, ಬೆವರು ಆವಿಯಾಗುವುದು. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ಇಷ್ಟು ಶಾಖದಿಂದ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಒಂದು ಡಿಗ್ರಿ ಕಾಯಿಸಬಹುದು! ಮಣ್ಣಿನ ಹರವಿಯಲ್ಲಿಟ್ಟ ನೀರು ತಣ್ಣಗಾಗುವುದು ಇದೇ ನಿಯಮದಿಂದ. ಹರವಿಯು ಬೇಸಗೆಯ ಒಣಹವೆಯಲ್ಲಿ ನೀರನ್ನು ತಂಪು ಮಾಡಿದಷ್ಟು ಮಳೆಗಾಲದ ತೇವದ ಹವೆಯಲ್ಲಿ ಮಾಡಲಾರದೆಂಬುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು.

ಒಣಗಾಳಿಯ ನಡುಹಗಲಲ್ಲಿ ಬೆವರು ಮೂಡಿದೊಡನೆ ಆರಿಹೋಗುತ್ತದೆ. ಅದನ್ನು ಆರಿಸಲು ಕಿಂಡಿಗಳ ನೆರವು ಬೇಕಿಲ್ಲ. ಕಿಂಡಿಗಳ ಮೂಲಕ ಒಳಬರುವುದು ಬಿಸಿಗಾಳಿ ಮತ್ತು ನೇರವಾದ ಬಿಸಿಲು. ಹೊಲದಲ್ಲಿ ದುಡಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿಯನ್ನು ತೊಡುವುದನ್ನು ನೋಡಿ ಪಟ್ಟಣಿಗರು ನಗುವುದುಂಟು; ಭೌತಶಾಸ್ತ್ರವು ಆ ಹೆಂಗಸರ ಪಕ್ಷದಲ್ಲಿದೆ. ಮರುಭೂಮಿಯ ಬೆಡೊಯಿನ್ ಜನರು ಕಪ್ಪು ನಿಲುವಂಗಿಯನ್ನೇಕೆ ತೊಡುತ್ತಾರೆಂಬುದನ್ನು ಪರೀಕ್ಷಿಸಿದ ವಿಜ್ಞಾನಿಗಳು ೧೯೮೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಅಳತೆಗಳನ್ನು ಪ್ರಕಟಿಸಿದರು. ಕಪ್ಪು ಬಟ್ಟೆ ಬಿಳಿಯದಕ್ಕಿಂತ ಹೆಚ್ಚು ಶಾಖವನ್ನು ಹೀರಿದರೂ ಆ ಹೆಚ್ಚಿನ ಶಾಖ ಚರ್ಮವನ್ನು ಮುಟ್ಟುವ ಮೊದಲೇ ಕಳೆದುಹೋಗುತ್ತಿತ್ತು. ನಿಲುವಂಗಿ ಸಡಿಲವಾಗಿದ್ದು ಒಳಗೆ ಗಾಳಿಯಾಡುತ್ತಿದ್ದುದೇ ಇದಕ್ಕೆ ಕಾರಣ.

ಹಾಗಾದರೆ ಜಾಲರಿಯ ಮೇಲಂಗಿಗೆ ಕಾಲವೇ ಇಲ್ಲವೆ? ಧಾರಾಳವಾಗಿ ಇದೆ. ಮನೆಯೊಳಗಿನ ನೆರಳು, ಒಲೆಯ ಮುಂದಿನ ಕೆಲಸ, ಹೊತ್ತು ಮುಳುಗಿದ ಮೇಲಿನ ಅಂಗಳ, ಎಲ್ಲಕ್ಕೂ ಮಿಗಿಲಾಗಿ ಮುಂಗಾರಿಗೆ ಮುನ್ನ ಕವಿಯುವ ಬೇಗೆ. ತೇವ ತುಂಬಿದ ಹವೆಯಲ್ಲಿ ಬಟ್ಟೆಗೂ ಮೈಗೂ ನಡುವೆ ಸಿಕ್ಕಿಕೊಂಡ ಗಾಳಿಯು ಬೇಗನೆ ಆವಿಯಿಂದ ತುಂಬಿಹೋಗುತ್ತದೆ. ಮತ್ತೆ ಬೆವರು ಆರದು. ಕಿಂಡಿಗಳು ಆ ಗಾಳಿಯನ್ನು ಹೊರದೂಡಿ ಹೊಸ ಗಾಳಿಯನ್ನು ಬರಮಾಡಿಕೊಳ್ಳುತ್ತವೆ. ಹೊರಗೂ ಒಳಗೂ ಒಂದೇ ಅಂಗಿ ಬೇಕೆನ್ನುವವರು ಬಿಸಿಲು ಬೀಳುವ ಹೆಗಲನ್ನೂ ಬೆನ್ನಿನ ಮೇಲ್ಭಾಗವನ್ನೂ ಒತ್ತಾಗಿ ಹೆಣೆದು, ಕಂಕುಳು ಮತ್ತು ಪಕ್ಕಗಳಲ್ಲಿ ಕಿಂಡಿಗಳನ್ನು ಬಿಡಬೇಕು. ಅಂಗಡಿಯಲ್ಲಿ ಕೊಳ್ಳುವ ಜಾಲರಿ ಬಟ್ಟೆ ಎಲ್ಲೆಡೆಯೂ ಒಂದೇ ಸಮ. ಕೈಹೆಣಿಗೆಯಲ್ಲಾದರೋ ಸಾಲಿನ ನಡುವೆಯೇ ಮನಸ್ಸು ಬದಲಿಸಬಹುದು.

ಈ ಸ್ವಾತಂತ್ರ್ಯ ಬರುವುದು ಕ್ರೋಶಾದ ರಚನೆಯಿಂದ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಬಿಚ್ಚಿಯೇ ಇರುತ್ತವೆ. ಕ್ರೋಶಾದಲ್ಲಿ ಕೊಕ್ಕೆಯ ಒಂದೇ ಕಡ್ಡಿಯು ಒಂದು ಕುಣಿಕೆಯನ್ನು ಮುಗಿಸಿಯೇ ಮುಂದಿನದಕ್ಕೆ ಹೋಗುತ್ತದೆ. ಕುಣಿಕೆಯೊಳಗಿನಿಂದ ಕುಣಿಕೆಯನ್ನು ಎಳೆದರೆ ಸರಪಳಿ. ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿ, ಕೆಳಸಾಲಿಗೆ ಚುಚ್ಚಿ ಎಳೆದು, ಕುಣಿಕೆಗಳನ್ನು ಎರಡೆರಡಾಗಿ ಬಿಡಿಸಿದರೆ ನೆಟ್ಟಗೆ ನಿಲ್ಲುವ ಕಂಬ. ಈ ಎರಡೇ ಸಾಕು. ಯಂತ್ರಗಳು ಕ್ರೋಶಾದಂತೆ ಕಾಣುವ ಬಟ್ಟೆಯನ್ನು ತಯಾರಿಸುತ್ತವೆಯೇ ಹೊರತು ಮಾರುಕಟ್ಟೆಯ ನಿಜವಾದ ಕ್ರೋಶಾ ಇಂದಿಗೂ ಕೈಯದೇ. ಆದುದರಿಂದ ಅದರ ಬೆಲೆಯೆಂದರೆ ಹೆಣೆದವಳ ಹೊತ್ತಿನ ಬೆಲೆ. ೨೦೨೪ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆಂಧ್ರದ ನರಸಾಪುರದ ಲೇಸಿನ ವಿಷಯದಲ್ಲಿ, ಮಾರಿಯಾ ಮೀಸ್ ಎಂಬ ಸಮಾಜವಿಜ್ಞಾನಿ ೧೯೮೨ರಷ್ಟು ಹಿಂದೆಯೇ ಒಂದು ಕಹಿ ಸತ್ಯವನ್ನು ತೋರಿಸಿದ್ದರು: ಪರದೇಶಕ್ಕೆ ಹೋಗುವ ಸರಕನ್ನು ಹೆಣೆಯುವ ಹೆಂಗಸರ ದುಡಿಮೆಯನ್ನು ಬಿಡುವಿನ ವೇಳೆಯ ಕೆಲಸವೆಂದು ಎಣಿಸಿ ಅತ್ಯಲ್ಪ ಕೂಲಿಯನ್ನು ಕೊಡಲಾಗುತ್ತಿತ್ತು.

ದಾರದ ಆಯ್ಕೆಯಲ್ಲಿ ಸಂದೇಹವೇ ಬೇಡ, ಹತ್ತಿಯೇ ಸರಿ. ಸಾಧಾರಣ ತೇವದ ಹವೆಯಲ್ಲಿ ೧೦೦ ಗ್ರಾಂ ಒಣಹತ್ತಿಯು ಸುಮಾರು ೭–೮ ಗ್ರಾಂ ತೇವವನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಅಕ್ರಿಲಿಕ್ ದಾರ ಸೆಳೆಯುವುದು ಒಂದೆರಡು ಗ್ರಾಂ ಮಾತ್ರ. ಆದರೆ ದಪ್ಪ ಹತ್ತಿಯು ಬೆವರನ್ನು ಕುಡಿದು ಭಾರವಾಗಿ ಮೈಗೆ ಅಂಟುತ್ತದೆ. ಆದಕಾರಣ ತೆಳುದಾರವೇ ಇರಲಿ. ಕ್ರೋಶಾ ದಾರದಲ್ಲಿ ಅಂಕ ಏರಿದಂತೆ ದಾರ ಸಣ್ಣದು; ೨೦ನೆಯ ಅಂಕದ್ದು ಮೇಲಂಗಿಗೆ ತಕ್ಕುದು. ಉಂಡೆಯ ಚೀಟಿಯಲ್ಲಿ ಸೂಚಿಸಿದುದಕ್ಕಿಂತ ತುಸು ದಪ್ಪನೆಯ ಕಡ್ಡಿಯನ್ನು ಬಳಸಿದರೆ ಹೆಣಿಗೆ ಮೃದುವಾಗಿ ಇಳಿಬೀಳುತ್ತದೆ. ಹೊಳಪುಳ್ಳ ಉಂಡೆಗಳು, ಜಾನ್ ಮರ್ಸರ್ ೧೮೪೪ರಲ್ಲಿ ಕಂಡುಹಿಡಿದ ಕ್ರಮದಿಂದ ಮುಂದೆ ಬೆಳೆದುಬಂದ ಸಂಸ್ಕಾರವನ್ನು ಪಡೆದವು. ಕಾಸ್ಟಿಕ್ ಸೋಡಾದಲ್ಲಿ ಮುರುಚಿದ ಪಟ್ಟಿಯಂತಹ ಹತ್ತಿಯ ಎಳೆ ಉಬ್ಬಿ ದುಂಡಾಗುತ್ತದೆ. ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ.

ಹೊಸಬರು ಎಡವುವುದು ಅಂಗಿ ಜೋಲುವಲ್ಲಿ. ಬರಿಯ ಸರಪಳಿಗಳ ಹರಳಾಕಾರದ ಬಲೆಯು ತನ್ನ ಭಾರಕ್ಕೆ ತಾನೇ ಕೆಳಗೆ ಎಳೆದುಕೊಳ್ಳುತ್ತದೆ. ಉದ್ದ ಹೆಚ್ಚಿ ಅಗಲ ಕುಗ್ಗುತ್ತದೆ. ಒಂದು ಕಂಬ, ಎರಡು ಸರಪಳಿ, ಮತ್ತೆ ಕಂಬ, ಹೀಗೆ ಕಂಬದ ಮೇಲೆ ಕಂಬ ನಿಂತ ಚೌಕಗಳ ಜಾಲರಿ ಅಷ್ಟಾಗಿ ಜೋಲದು. ಮೊದಲು ೧೦ ಸೆಂಟಿಮೀಟರಿನ ಒಂದು ಚೌಕವನ್ನು ಹೆಣೆದು, ಒಗೆದು, ಒಂದು ರಾತ್ರಿ ತೂಗುಹಾಕಿ ಅಳೆಯಿರಿ. ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಯೂ ನೋಡಿರಿ. ಎದೆಯ ಸುತ್ತಳತೆ ೯೦ ಸೆಂಟಿಮೀಟರ್ ಇದ್ದರೆ ಗಾಳಿಯಾಡಲು ೧೦ ಸೇರಿಸಿ, ೫೦ ಅಗಲ ೫೫ ಉದ್ದದ ಎರಡು ಹಾಳೆಗಳನ್ನು ಹೆಣೆಯಬೇಕು. ಅದು ೫೫ ಮಾದರಿ ಚೌಕಗಳಷ್ಟು. ಚೌಕವೊಂದು ೨ ಗ್ರಾಂ ತೂಗಿದರೆ ಅಂಗಿ ೧೧೦ ಗ್ರಾಂ. ದಾರವನ್ನು ಎಷ್ಟು ಕೊಳ್ಳಬೇಕೆಂಬುದೂ ಇದರಿಂದಲೇ ತಿಳಿಯುತ್ತದೆ.

ಹಾಳೆಗಳನ್ನು ಜೋಡಿಸುವ ಮುನ್ನ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ಹೊರಸಿನ ಮೇಲೆ ಹಾಸಿದ ಬಟ್ಟೆಗೆ ಅಳತೆಗೆ ಸರಿಯಾಗಿ ಪಿನ್ನುಗಳಿಂದ ಸಿಕ್ಕಿಸಬೇಕು. ಹತ್ತಿಯ ಸೆಲ್ಯುಲೋಸ್ ಅಣುಗಳನ್ನು ಒಂದಕ್ಕೊಂದು ಹಿಡಿದಿರುವ ಜಲಜನಕದ ಬಂಧಗಳಲ್ಲಿ ಹಲವು ನೀರಿನಲ್ಲಿ ಸಡಿಲುತ್ತವೆ; ಆರುವಾಗ ಹೊಸ ಜಾಗದಲ್ಲಿ ಮತ್ತೆ ಬೆಸೆದುಕೊಂಡು ಚೌಕಗಳು ಚೌಕಗಳಾಗಿಯೇ ನಿಲ್ಲುತ್ತವೆ. ಮುಂದಿನ ಪ್ರತಿ ಒಗೆತದಲ್ಲಿಯೂ ಇದೇ ಬಂಧಗಳು ಸಡಿಲುವುದರಿಂದ ಅಂಗಿಯನ್ನು ಹಗ್ಗಕ್ಕೆ ನೇತುಹಾಕದೆ ನೆರಳಿನಲ್ಲಿ ಹಾಸಿಯೇ ಒಣಗಿಸಬೇಕು. ಯಾದಗಿರಿಯ ಮೇ ತಿಂಗಳಿನಲ್ಲಿ ಅದಕ್ಕೆ ಬಹಳ ಹೊತ್ತೇನೂ ಹಿಡಿಯದು.