ಹಕ್ಕಿಗೆ ಮುಖ ತೋರದ ಪಾಲಕರು

ಮೃಗಾಲಯದ ಪಕ್ಷಿ ವಿಭಾಗದ ಮುಖ್ಯಸ್ಥರನ್ನು ಕ್ಯುರೇಟರ್ ಎನ್ನುತ್ತಾರೆ. ಯಾವ ಹಕ್ಕಿಗೆ ಯಾವ ಆಹಾರ, ಯಾವ ಗಂಡಿಗೆ ಯಾವ ಹೆಣ್ಣು, ಯಾವ ಮರಿ ಕಾಡಿಗೆ ಮರಳಬೇಕು ಎಂಬ ಹೊಣೆಯೆಲ್ಲ ಅವರದು. ಒಂದಿಡೀ ಜೀವಕುಲದ ಅಳಿವು ಉಳಿವೇ ಈ ವೃತ್ತಿಯವರ ಕೈಗೆ ಬಂದ ಉದಾಹರಣೆ ಅಮೆರಿಕದಲ್ಲಿದೆ.

ಕ್ಯಾಲಿಫೋರ್ನಿಯಾ ಕಾಂಡೊರ್ ರೆಕ್ಕೆ ಬಿಚ್ಚಿದರೆ ಒಂಬತ್ತೂವರೆ ಅಡಿ. ಸತ್ತ ಪ್ರಾಣಿಗಳನ್ನು ತಿಂದು ನೆಲವನ್ನು ಶುಚಿಯಾಗಿಡುವ ಹಕ್ಕಿ. ಬೇಟೆಗಾರರ ಸೀಸದ ಗುಂಡು ಹೊಕ್ಕ ಕಳೇಬರಗಳು ಅದಕ್ಕೆ ವಿಷವಾದವು. 1982ರ ಹೊತ್ತಿಗೆ ಉಳಿದದ್ದು 22 ಮಾತ್ರ. ಇದ್ದವನ್ನೆಲ್ಲ ಹಿಡಿದು ಸಾಕುವ ಯೋಜನೆಯನ್ನು ಡೇವಿಡ್ ಬ್ರೋವರ್ ಅವರಂಥ ಪರಿಸರವಾದಿಗಳೇ ವಿರೋಧಿಸಿದರು. ಪಂಜರದಲ್ಲಿ ಬದುಕುವುದಕ್ಕಿಂತ ಬಯಲಿನಲ್ಲಿ ಘನತೆಯಿಂದ ಅಳಿಯುವುದೇ ಮೇಲೆಂಬುದು ಅವರ ವಾದ. 1987ರ ಏಪ್ರಿಲ್‌ನಲ್ಲಿ ಕೊನೆಯ ಕಾಡು ಕಾಂಡೊರ್ ಬಲೆಗೆ ಬಿತ್ತು. ಜಗತ್ತಿನ 27 ಕಾಂಡೊರ್‌ಗಳೂ ಸ್ಯಾನ್ ಡಿಯಾಗೊ, ಲಾಸ್ ಏಂಜಲೀಸ್ ಮೃಗಾಲಯಗಳ ಆರೈಕೆಗೆ ಬಂದವು.

ಕಾಂಡೊರ್ ಸಾಮಾನ್ಯವಾಗಿ ಎರಡು ವರ್ಷಕ್ಕೆ ಒಂದೇ ಮರಿ ಬೆಳೆಸುತ್ತದೆ. ಆದರೆ ಮೊಟ್ಟೆ ಕಳೆದುಹೋದರೆ ಇನ್ನೊಂದನ್ನು ಇಡುತ್ತದೆ. ಈ ಗುಣವನ್ನು ನೆಚ್ಚಿ ಪಾಲಕರು ಮೊದಲ ಮೊಟ್ಟೆಯನ್ನು ಇನ್‌ಕ್ಯುಬೇಟರ್‌ಗೆ ಒಯ್ದರು. ಕಾವಿನ ಅವಧಿ ಎಂಟು ವಾರ. ಮೊಟ್ಟೆಯೊಳಗಿನ ನೀರಿನಂಶ ಹದವಾಗಿ ಆರಬೇಕು. ಅದಕ್ಕಾಗಿ ಮತ್ತೆ ಮತ್ತೆ ತೂಗಿ ಗಾಳಿಯ ತೇವವನ್ನು ಹೊಂದಿಸುತ್ತಿದ್ದರು. 1988ರಲ್ಲಿ ಸ್ಯಾನ್ ಡಿಯಾಗೊದ ವೈಲ್ಡ್ ಆನಿಮಲ್ ಪಾರ್ಕ್‌ನಲ್ಲಿ ‘ಮೊಲೊಕೊ’ ಹುಟ್ಟಿತು. ಬಂಧನದಲ್ಲಿದ್ದ ಜೋಡಿಗೆ ಹುಟ್ಟಿದ ಮೊದಲ ಕಾಂಡೊರ್ ಅದು.

ಉಣಿಸುವವರ ಮುಖ ಕಂಡರೆ ಮರಿ ಮನುಷ್ಯರನ್ನೇ ತನ್ನವರೆಂದು ನಂಬುತ್ತದೆ. ಆದ್ದರಿಂದ ಪಾಲಕರು ಕೈಗೆ ಕಾಂಡೊರ್ ತಲೆಯ ಬೊಂಬೆ ತೊಟ್ಟು ಮರೆಯಿಂದ ತುತ್ತು ಕೊಟ್ಟರು. 1992ರಲ್ಲಿ ಬಿಡುಗಡೆ ಆರಂಭವಾಯಿತು. ಕೆಲವು ಹಕ್ಕಿಗಳು ವಿದ್ಯುತ್ ತಂತಿಗೆ ಬಡಿದು ಸತ್ತವು, ಕೆಲವು ಜನರ ಹತ್ತಿರವೇ ಸುಳಿದವು. ಪಾಲಕರು ಪದ್ಧತಿಯನ್ನೇ ತಿದ್ದಿಕೊಂಡರು. ಆವರಣದೊಳಗೆ ಹುಸಿ ವಿದ್ಯುತ್ ಕಂಬ ನೆಟ್ಟು, ಕೂತರೆ ಸಣ್ಣ ಶಾಕ್ ತಗಲುವಂತೆ ಮಾಡಿದರು. ನಡವಳಿಕೆ ಕಲಿಸಲು ಎಳೆಯವುಗಳ ಜೊತೆ ಹಿರಿಯ ಕಾಂಡೊರ್ ಇರಿಸಿದರು.

ಇಂದಿನ ಕಾಂಡೊರ್‌ಗಳೆಲ್ಲ 14 ಮೂಲಹಕ್ಕಿಗಳ ಸಂತತಿ. ಹತ್ತಿರದ ಸಂಬಂಧದಲ್ಲಿ ಜೋಡಿಯಾಗದಂತೆ ಪ್ರತಿ ಹಕ್ಕಿಯ ವಂಶಾವಳಿಯನ್ನೂ ಬರೆದಿಡುತ್ತಾರೆ. ಈ ದಾಖಲೆಯೊಂದಿಗೆ ಡಿಎನ್‌ಎ ತಾಳೆ ನೋಡಿದಾಗಲೇ, ತಂದೆಯಿಲ್ಲದೆ ಹುಟ್ಟಿದ್ದ ಎರಡು ಮರಿಗಳ ಸಂಗತಿ 2021ರಲ್ಲಿ ಬೆಳಕಿಗೆ ಬಂತು.

ಈಗ ಕಾಂಡೊರ್‌ಗಳ ಸಂಖ್ಯೆ 500 ದಾಟಿದೆ. ಅರ್ಧಕ್ಕಿಂತ ಹೆಚ್ಚು ಬಯಲಲ್ಲಿವೆ. ಬೇಟೆಯಲ್ಲಿ ಸೀಸದ ಗುಂಡಿನ ಬಳಕೆಯನ್ನು ಕ್ಯಾಲಿಫೋರ್ನಿಯಾ 2019ರಿಂದ ಪೂರ್ತಿ ನಿಷೇಧಿಸಿದೆ. ಕಾಂಡೊರ್‌ನಂತೆಯೇ ಕಳೇಬರ ತಿನ್ನುವ ನಮ್ಮ ರಣಹದ್ದುಗಳನ್ನು ಕೊಂದದ್ದು ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ. ಹರಿಯಾಣದ ಪಿಂಜೋರ್ ಕೇಂದ್ರದಲ್ಲಿ ಅವುಗಳ ಸಂತತಿ ಬೆಳೆಸುವ ಕೆಲಸ ನಡೆದಿದೆ. ರಾಮನಗರದ ರಾಮದೇವರಬೆಟ್ಟ ರಣಹದ್ದು ಧಾಮವಾಗಿದೆ. ಹಕ್ಕಿಗಳ ಮೇಲೆ ಒಲವಿರುವ ನಮ್ಮ ಮಕ್ಕಳಿಗೆ ಇಂಥದೊಂದು ವೃತ್ತಿ ಇದೆಯೆಂದು ಹೇಳಬೇಕು. ಅದಕ್ಕೆ ಪ್ರಾಣಿಶಾಸ್ತ್ರ ಬೇಕು, ಲೆಕ್ಕ ಬೇಕು, ವರ್ಷಗಟ್ಟಲೆ ಕಾಯುವ ತಾಳ್ಮೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಾನು ಬೆಳೆಸಿದ ಜೀವ ತನ್ನ ಗುರುತೇ ಇಲ್ಲದೆ ಬದುಕಲಿ ಎಂದು ಹಾರೈಸುವ ಪ್ರೀತಿ ಬೇಕು.