ಯಾರಿಗೂ ಏನೂ ಆಗಲಿಲ್ಲವಲ್ಲ, ಬಿಡಿ!

ಕೆ.ಆರ್. ಪುರ, ಮಹದೇವಪುರದ ಕಡೆಯ ಶೆಡ್ಡುಗಳಲ್ಲಿ ಕ್ರೇನಿನ ಕೊಕ್ಕೆಯಿಂದ ಜಾರಿದ ಸರಕು ಯಾರ ಮೇಲೂ ಬೀಳದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಪೆಟ್ಟಾದರೆ ಮಾತ್ರ ರಿಪೋರ್ಟ್ ಎಂಬುದು ಎಲ್ಲರ ನಂಬಿಕೆ. ಕಾನೂನು ಹಾಗೆ ಹೇಳುವುದಿಲ್ಲ. ಗೊತ್ತುಪಡಿಸಿದ ಅಪಾಯಕಾರಿ ಘಟನೆಗಳನ್ನು ಯಾರಿಗೂ ಗಾಯವಾಗದಿದ್ದರೂ ತಿಳಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 88ಎ ಕಲಮಿನಲ್ಲಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಇದೆ. ಸವೆದ ತಂತಿಹಗ್ಗ ಕಣ್ಣಿಗೆ ಬೀಳುವುದು ಇಂಥ ರಿಪೋರ್ಟಿನಲ್ಲೇ.

‘ತಪ್ಪು ನನ್ನದೇ, ಹೇಳಿದರೆ ಪರಿಹಾರ ಸಿಗಲ್ಲ’ ಎಂಬುದು ಇದಕ್ಕಿಂತ ದುಬಾರಿ ನಂಬಿಕೆ. ಪ್ರೆಸ್ಸಿಗೆ ಬೆರಳು ಕೊಟ್ಟವರು ಇಂದಿರಾನಗರದ ಇಎಸ್‌ಐ ಆಸ್ಪತ್ರೆಯಂಥ ಕಡೆ ಹೋಗಿ ‘ಮನೇಲಿ ಬಾಗಿಲಿಗೆ ಸಿಕ್ಕಿತು’ ಎಂದುಬಿಟ್ಟರೆ ಲೆಕ್ಕವೇ ಬದಲಾಗುತ್ತದೆ. ಕೆಲಸದ ಗಾಯವಾದರೆ ಸೇರಿದ ಮೊದಲ ದಿನದಿಂದಲೇ ರಕ್ಷಣೆಯುಂಟು. ವಾಸಿಯಾಗುವವರೆಗೆ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಮನೆಯ ಗಾಯವೆಂದರೆ ಮಾಮೂಲಿ ಕಾಯಿಲೆಯ ಲೆಕ್ಕ: ಶೇ. 70, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಕೈ ತಪ್ಪಿದ್ದು ಯಾರ ಅಜಾಗರೂಕತೆಯಿಂದ ಎಂದು ಇಎಸ್‌ಐ ಅಳೆಯುವುದಿಲ್ಲ. ಇಎಸ್‌ಐ ಇಲ್ಲದವರಿಗಿದ್ದ 1923ರ ಪರಿಹಾರ ಕಾಯ್ದೆಯೂ ಕುಡಿದಿದ್ದರೆ, ಬೇಕೆಂದೇ ಸುರಕ್ಷತಾ ಆದೇಶ ಮೀರಿದ್ದರೆ ಅಥವಾ ಗಾರ್ಡ್ ತೆಗೆದಿದ್ದರೆ ಮಾತ್ರ ಮಾಲೀಕರಿಗೆ ವಿನಾಯಿತಿ ಕೊಡುತ್ತಿತ್ತು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಅದೂ ಇಲ್ಲ. ಸುಳ್ಳು ಹೇಳಿಸುವ ಮೇಸ್ತ್ರಿಗೆ ಇದೆಲ್ಲ ಗೊತ್ತಿರುತ್ತದೆ ಎನ್ನುವುದು ನನ್ನ ಗುಮಾನಿ.

ಆಫೀಸಿನವರು ಇದು ಕಾರ್ಖಾನೆಯ ಗೋಳು ಎಂದುಕೊಳ್ಳುತ್ತಾರೆ. ಇಂದಿರಾನಗರಕ್ಕೆ ಕೂಗಳತೆಯ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಮಂದಿ ಸತ್ತರು. ವಿದ್ಯುತ್ ಕೇಬಲ್ಲುಗಳ ಡಕ್ಟಿನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರುಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ಹೊರಹೋಗುವ ದಾರಿಗಳು ಮುಚ್ಚಿದ್ದವೆಂದು ಆಗ ವರದಿಯಾಯಿತು. ಬೀಗ ಹಾಕಿದ ಬಾಗಿಲಿನಿಂದ ದಿನನಿತ್ಯ ಯಾರಿಗೂ ತೊಂದರೆಯಿಲ್ಲ, ಹಾಗಾಗಿ ಅದನ್ನು ಯಾರೂ ಬರೆದುಕೊಡುವುದಿಲ್ಲ. ಸತ್ತವರ ಮನೆಯವರು, ಗೆಳೆಯರು ಸೇರಿ ಕಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಅಗ್ನಿ ಸುರಕ್ಷತೆಯ ಅರಿವು ಮೂಡಿಸುತ್ತಾ ಬಂದಿದೆ.

ಇನ್ನು ತರಬೇತಿ. ವರ್ಷಕ್ಕೊಮ್ಮೆ ವಿಡಿಯೊ ನೋಡಿ ಹಾಜರಿಗೆ ಸಹಿ ಹಾಕುವುದು ತರಬೇತಿಯಲ್ಲ. ಲಿಫ್ಟ್ ನಿಲ್ಲಿಸಿ ಎಲ್ಲರನ್ನೂ ಮೆಟ್ಟಿಲಲ್ಲಿ ಇಳಿಸಿದರೆ, ಯಾವ ತಿರುವಿನಲ್ಲಿ ಮುರಿದ ಕುರ್ಚಿಗಳ ರಾಶಿಯಿದೆ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ರಾತ್ರಿ ಪಾಳಿಯವರನ್ನೂ ಕಸ ಗುಡಿಸುವವರನ್ನೂ ಏಜೆನ್ಸಿಯ ಸೆಕ್ಯುರಿಟಿಯವರನ್ನೂ ಅದಕ್ಕೆ ಕರೆಯಬೇಕು. ಟೆರೇಸಿನ ಬೀಗದ ಕೈ ಇರುವುದು ಅವರ ಹತ್ತಿರವೇ.