ಅಪ್ಪನಿಗೊಂದು ಚಾಕು, ಹಿಡಿಯ ಮೇಲೆ ಕನ್ನಡ

ಊರಿಗೆ ಹೊರಟಾಗ ಅಪ್ಪನಿಗೋ ಮಾವನಿಗೋ ಏನು ಒಯ್ಯುವುದು ಎಂಬುದು ನಮ್ಮೆಲ್ಲರ ಪ್ರಶ್ನೆ. ಷರ್ಟು ಕೊಟ್ಟರೆ ಕವರ್ ಸಮೇತ ಬೀರು ಸೇರುತ್ತದೆ, ಪರ್ಫ್ಯೂಮ್ ಶೋಕೇಸಿಗೆ ಹೋಗುತ್ತದೆ. ದಿನಾ ಕೈಗೆ ಬರುವ, ನಾವೇ ಕೈಯಾರೆ ಮಾಡಿದ ವಸ್ತು ಬೇಕೆಂದರೆ ನನ್ನ ಸಲಹೆ ಒಂದು ಮಡಚುವ ಚಾಕು. ಹಣ್ಣಿನ ಸಿಪ್ಪೆ ತೆಗೆಯಲು, ಹಿತ್ತಲಲ್ಲಿ ಹೂ ಕೊಯ್ಯಲು, ಕೊರಿಯರ್ ಡಬ್ಬಿ ಬಿಚ್ಚಲು ಅದೇ ಬೇಕು.

ಫ್ರಾನ್ಸಿನ ಸವೋಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಕಿಸೆಯ ಚಾಕು ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಸಿಗುತ್ತದೆ. ಇಲ್ಲಿ ಬ್ರಿಟನ್ನಿನಲ್ಲಿ 8ನೇ ನಂಬರಿನದಕ್ಕೆ ಹದಿನೈದು ಪೌಂಡಿನ ಆಸುಪಾಸು. ಅಲಗು 8.5 ಸೆಂಟಿಮೀಟರ್, ಹಿಡಿ ಬೀಚ್ ಮರದ್ದು. ಅಲಗಿನ ಬುಡದಲ್ಲಿ ತಿರುಗುವ ಉಕ್ಕಿನ ಬಳೆಯನ್ನು 1955ರಲ್ಲಿ ಸೇರಿಸಿದರು. ಅದೇ ಇದರ ಬೀಗ. 2000ದಿಂದೀಚೆಗೆ ಮಡಚಿದಾಗಲೂ ಈ ಬೀಗ ಹಾಕಬಹುದು. ಕೆಲಸ ಶುರು ಮಾಡುವ ಮುನ್ನ ಹಾಗೆ ಮಡಚಿ ಬೀಗ ಹಾಕಿಬಿಡಿ, ಬೆರಳು ಉಳಿಯುತ್ತದೆ.

ಮೊದಲು ಹಿಡಿಯ ವಾರ್ನಿಷ್ ತೆಗೆಯಬೇಕು. 120ರ ಸ್ಯಾಂಡ್ ಪೇಪರಿನಿಂದ ಉಜ್ಜಿ, ನಂತರ 240, ಕೊನೆಗೆ 400. ಮರದ ಎಳೆಯ ಉದ್ದಕ್ಕೇ ಉಜ್ಜಿ, ಅಡ್ಡ ಬೇಡ. ಬೀಚ್ ಮರದ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಮಾಸ್ಕ್ ಇರಲಿ. ಬಳೆಯ ಹತ್ತಿರ, ಅಲಗು ಕೂರುವ ಸೀಳಿನ ಅಂಚಿನಲ್ಲಿ ಮರ ತೆಳ್ಳಗಾಗಕೂಡದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇಂಟರ್‌ಫೇಸ್ ಎಷ್ಟು ಬೇಕಾದರೂ ಬದಲಿಸಿ, ಕರ್ನಲ್ ಮುಟ್ಟಬೇಡಿ!

ಈಗ ಹೆಸರು. ಮರ ಸುಡುವ ವಿದ್ಯುತ್ ಪೆನ್ನು ಹವ್ಯಾಸದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. (ಮನೆಯಲ್ಲಿರುವ ಸಾಲ್ಡರಿಂಗ್ ಐರನ್ ಬೇಡ, ಅದರ ತುದಿಯಲ್ಲಿ ಸೀಸ ಇರಬಹುದು, ಇದು ಹಣ್ಣು ಕತ್ತರಿಸುವ ಚಾಕು.) ಬೀಚ್ ಮರದ ಎಳೆ ನಯವಾಗಿ, ಒಂದೇ ಸಮನಾಗಿ ಇರುವುದರಿಂದ ನಮ್ಮ ದುಂಡಕ್ಷರ ಚೆನ್ನಾಗಿ ಮೂಡುತ್ತದೆ. ಆದರೆ ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕು, ಹಿಡಿಯೋ ಹೆಬ್ಬೆರಳಿನಷ್ಟೇ ದಪ್ಪ. ನಾಗರಾಜರಿಗೆ ತೊಂದರೆಯಿಲ್ಲ, ಕೃಷ್ಣಮೂರ್ತಿಗಳಿಗೆ ಸ್ವಲ್ಪ ಕಷ್ಟ! ಪೆನ್ಸಿಲಿನಲ್ಲಿ ಬರೆದುಕೊಂಡು, ಬೇರೊಂದು ಮರದ ಚೂರಿನ ಮೇಲೆ ಅಭ್ಯಾಸ ಮಾಡಿ. ಪೆನ್ನು ನಿಂತಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ಹಾಗಾಗಿ ಕೈ ಚಲಿಸುತ್ತಲೇ ಮರಕ್ಕೆ ತಾಗಬೇಕು.

ವಾರ್ನಿಷ್ ಹೋದ ಮರ ನೀರು ಕುಡಿದು ಉಬ್ಬಿದರೆ ಅಲಗು ಸಿಕ್ಕಿಕೊಳ್ಳುತ್ತದೆ. ಆಗ ಸವೋಯ್ ಜನ ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿ ಅಲಗು ಹೊರಬರಿಸುತ್ತಾರಂತೆ. ಅದಕ್ಕಿಂತ ಎಣ್ಣೆ ಹಚ್ಚುವುದು ಮೇಲು. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಎಂದಿಗೂ ಒಣಗುವುದಿಲ್ಲ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ, ಹೀಗೆ ಮೂರು ಸಲ. ಬಹಳ ಮುಖ್ಯ: ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ.

ಅಲಗು ಎರಡು ಬಗೆಯದು. ಕರಾವಳಿ, ಮಲೆನಾಡಿನ ಮಳೆಗೆ ಸ್ಟೇನ್‌ಲೆಸ್ ಒಳ್ಳೆಯದು. ಬಯಲುಸೀಮೆಗಾದರೆ ನನ್ನ ಮತ ಕಾರ್ಬನ್ ಉಕ್ಕಿಗೆ. ಬಾಳೆಕಾಯಿ ಹೆಚ್ಚಿ ಹೆಚ್ಚಿ ಅಜ್ಜಿಯ ಈಳಿಗೆಮಣೆ ಕಪ್ಪಾಗಿತ್ತಲ್ಲ, ಆ ಬಣ್ಣ ಇದಕ್ಕೆ ಮೊದಲೇ ಬರಿಸಬಹುದು. ಅಲಗನ್ನು ಸೋಪಿನಲ್ಲಿ ತೊಳೆದು, ಬಳೆಗೆ ತಾಗದಂತೆ ಬೆಚ್ಚಗಿನ ವಿನೆಗರಿನಲ್ಲಿ ಅರ್ಧ ಗಂಟೆ ಇಳಿಬಿಡಿ. ಬೂದುಗಪ್ಪಾದ ಮೇಲೆ ತೊಳೆದು, ಒರೆಸಿ, ಎಣ್ಣೆ ಸವರಿ. ಇದರಿಂದ ತುಕ್ಕು ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಬಳಸಿದಾಗಲೆಲ್ಲ ಒರೆಸಿಡಲು ಅಪ್ಪನಿಗೆ ಹೇಳಿ.

ಬೀಗವಿರುವ ಚಾಕುವನ್ನು ಸೂಕ್ತ ಕಾರಣವಿಲ್ಲದೆ ಕಿಸೆಯಲ್ಲಿಟ್ಟು ತಿರುಗುವುದು ಇಲ್ಲಿ ಅಪರಾಧ. ಇಲ್ಲಿನ ಗೆಳೆಯರಿಗೆ ಕೊಡುವುದಾದರೆ 5ನೇ ನಂಬರ್ ತೆಗೆದುಕೊಳ್ಳಿ: ಬೀಗವಿಲ್ಲ, ಅಲಗು ಮೂರು ಇಂಚಿಗಿಂತ ಕಡಿಮೆ. ಊರಿಗೆ ಒಯ್ಯುವಾಗ ಚೆಕ್-ಇನ್ ಸೂಟ್‌ಕೇಸಿನಲ್ಲೇ ಇರಲಿ.

ಕೊಡುವಾಗ ಕೈಯಿಂದ ಕೈಗೆ ಬೇಡ, ಜಗಳವಾಗುತ್ತದೆಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಇಂಗ್ಲಿಷರ ನಂಬಿಕೆ ಇನ್ನೊಂದು: ಚಾಕು ಸ್ನೇಹವನ್ನು ಕತ್ತರಿಸದಿರಲೆಂದು ಪಡೆದವರು ಒಂದು ಪೆನ್ನಿ ವಾಪಸ್ ಕೊಡುತ್ತಾರೆ. ತಟ್ಟೆಯಲ್ಲಿಟ್ಟು ಕೊಡಿ, ಅಪ್ಪನಿಂದ ಒಂದು ರೂಪಾಯಿ ಕೇಳಿ ಇಸಿದುಕೊಳ್ಳಿ. ಎರಡೂ ಕಡೆಯ ಶಾಸ್ತ್ರ ಮುಗಿಯಿತು!